ಧೂಳಿನ ಪರೀಕ್ಷೆ ಯಾರ ಕಣ್ಣಲ್ಲಿ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರಿಗೆ ಧೂಳೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ತೊಗರಿ ಎಲೆಯ ಮೇಲೆ, ಮನೆಯ ತಗಡಿನ ಮೇಲೆ, ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ದಿನಾ ಕಾಣುತ್ತದೆ. ಅದು ಎದೆಗೆ ಮಾಡುವ ಕೇಡಿನ ಬಗ್ಗೆ ಬಹಳ ಜನ ಬಹಳ ಸಲ ಮಾತಾಡಿದ್ದಾರೆ. ಚರ್ಮಕ್ಕೂ ಕಣ್ಣಿಗೂ ಅದು ಏನು ಮಾಡುತ್ತದೆ, ಗಾಯವಾಗುವ ಮೊದಲೇ ಪರೀಕ್ಷಿಸಿ ತಿಳಿದುಕೊಳ್ಳುವ ದಾರಿ ಯಾವುದು ಎಂಬ ಮಾತು ಮಾತ್ರ ಹಿಂದೆ ಉಳಿದಿದೆ. ಇವತ್ತು ಅದನ್ನೇ ಎತ್ತಿಕೊಂಡಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಗುಡ್ಡೆ ಪುಡಿ ಕಣ್ಣು ಸುಡುವಂಥದ್ದೋ ಅಲ್ಲವೋ ಎಂದು ಗೊತ್ತಾಗಲು ಅದನ್ನು ಮೊಲದ ಕಣ್ಣಿಗೆ ಹಾಕಬೇಕಾಗಿಲ್ಲ. ಹಾಗೆಂದು ಪರೀಕ್ಷೆಯನ್ನೇ ಬಿಟ್ಟುಬಿಟ್ಟರೆ ಅದು ತಪ್ಪುವುದೂ ಇಲ್ಲ. ಲಾರಿ ಖಾಲಿ ಮಾಡುವ ಹಮಾಲರ ಕಣ್ಣಲ್ಲಿ, ಬುಟ್ಟಿ ಹೊರುವ ಹೆಣ್ಣುಮಕ್ಕಳ ಕೈಯಲ್ಲಿ, ಗುಡ್ಡೆಯ ಮೇಲೆ ಆಡುವ ಮಕ್ಕಳ ಮೈಮೇಲೆ ಆ ಪರೀಕ್ಷೆ ನಡೆದೇ ಹೋಗುತ್ತದೆ, ಫಲಿತಾಂಶವನ್ನು ಬರೆದುಕೊಳ್ಳುವವರು ಮಾತ್ರ ಇರುವುದಿಲ್ಲ. ಪ್ರಾಣಿಯನ್ನೂ ಉಳಿಸಿ ಮನುಷ್ಯನನ್ನೂ ಉಳಿಸುವ ಪರೀಕ್ಷೆಗಳು ಈಗ ಇವೆ. ಅವುಗಳಲ್ಲಿ ಮೊದಲನೆಯದಕ್ಕೆ ಬೇಕಾಗುವುದು ಒಂದು ಲೋಟ ನೀರು, ಒಂದು ಪಟ್ಟಿ ಕಾಗದ.

ಭೀಮಾ ಮತ್ತು ಕಾಗಿಣಾ ನದಿಗಳ ಈ ನೆಲದ ಅಡಿಗೆ ಸುಣ್ಣಕಲ್ಲು ಪದರು ಪದರಾಗಿ ಮಲಗಿದೆ. ಅದನ್ನೇ ಸೀಳಿ ತೆಗೆದ ಶಹಾಬಾದಿ ಫರಸಿ ಹೈದರಾಬಾದಿನಿಂದ ಮುಂಬಯಿವರೆಗೆ ಮನೆಗಳ ನೆಲವಾಯಿತು. ಶಹಾಬಾದಿನಲ್ಲಿ ನಿಜಾಮರ ಕಾಲದಲ್ಲೇ ಸಿಮೆಂಟ್ ತಯಾರಾಗುತ್ತಿತ್ತು. 1968ರಲ್ಲಿ ವಾಡಿಯ ಕಾರ್ಖಾನೆ ಬಂತು, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂ, ಈಚೆಗೆ ಚಿತ್ತಾಪುರ ತಾಲೂಕಿನ ಇಟಗಾ, ಸೇಡಂ ತಾಲೂಕಿನ ಕೋಡ್ಲಾ, ಚಿಂಚೋಳಿ ತಾಲೂಕಿನ ಛತ್ರಸಾಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಈಗಿನ ಮಕ್ಕಳು ಸಿಮೆಂಟಿನ ಊರೆಂದೇ ಮೊದಲು ಗುರುತಿಸುತ್ತಾರೆ.

ಕಲ್ಲು ಒಂದೇ ಆದರೂ ಅದರಿಂದ ಏಳುವ ಧೂಳು ಒಂದೇ ಅಲ್ಲ. ಖಣಿಯಿಂದ ತೆಗೆದ ಹಸಿ ಕಲ್ಲು ರಸಾಯನಶಾಸ್ತ್ರದ ಲೆಕ್ಕದಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಪುಡಿ ಮಾಡಿ ನೀರಿಗೆ ಹಾಕಿದರೆ ನೀರು ತುಸು ಕ್ಷಾರವಾಗುತ್ತದೆ, ಅಷ್ಟೇ. ಅದೇ ಕಲ್ಲನ್ನು 900 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಸಿಮೆಂಟಿನ ಗೂಡಿನಲ್ಲಿ ಶಾಖ 1450 ಡಿಗ್ರಿಯವರೆಗೆ ಏರುತ್ತದೆ. ಆ ಉರಿಯಿಂದ ಹೊರಬಂದ ಕ್ಲಿಂಕರ್ ಎಂಬ ಉಂಡೆಗಳಾಗಲಿ, ಗೂಡಿನ ಗಾಳಿಯಲ್ಲಿ ತೇಲಿ ಬಂದು ಚೀಲದ ಶೋಧಕಗಳಲ್ಲಿ ಸಿಕ್ಕಿಬಿದ್ದ ಧೂಳಾಗಲಿ ನೀರು ತಾಗಿದೊಡನೆ ಜೋರು ಕ್ಷಾರವಾಗುತ್ತದೆ. ಭಟ್ಟಿ ಸುಣ್ಣಕ್ಕೆ ನೀರು ಹೊಯ್ದು ಅದು ಕುದಿಯುವುದನ್ನು ನೋಡಿದ ಹಿರಿಯರಿಗೆ ಇದರ ಬಿಸಿ ಎಂಥದ್ದೆಂದು ಗೊತ್ತು.

ಇನ್ನು ಹಾರುಬೂದಿ. ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿಂದ ಬಂದು ಪೊಝೊಲಾನಾ ಸಿಮೆಂಟಿಗೆ ಸೇರುವ ಬೂದಿ ಇದು. ಅಂಥ ಸಿಮೆಂಟಿನಲ್ಲಿ ಇದರ ಪಾಲು ನೂರಕ್ಕೆ 15ರಿಂದ 35ರವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ದೇಶದ ಕಲ್ಲಿದ್ದಲಿನ ಬೂದಿಯಲ್ಲಿ ಸುಣ್ಣದ ಅಂಶ ಸಾಮಾನ್ಯವಾಗಿ ಕಡಿಮೆ. ಗಾಜಿನಂಥ ಸಣ್ಣ ಸಣ್ಣ ಗುಂಡುಗಳೇ ಅದರಲ್ಲಿ ಹೆಚ್ಚು. ಫರಸಿ ಪಾಲಿಶ್ ಮಾಡುವ ಕಡೆ ಹರಿದು ಒಣಗಿದ ಕೆಸರು ಮತ್ತೊಂದು ಬಗೆ. ಅದು ಹಸಿ ಕಲ್ಲಿನ ಪುಡಿ, ಜೊತೆಗೆ ಉಜ್ಜುವ ಕಲ್ಲಿನ ಗಟ್ಟಿ ಕಣಗಳು. ಹೊಳಪಿಗೆಂದು ಎಲ್ಲಾದರೂ ಆಕ್ಸಾಲಿಕ್ ಆಮ್ಲ ಬಳಸಿದ್ದರೆ ಆ ಕೆಸರಿನ ಲೆಕ್ಕವೇ ಬೇರೆ. ಗೂಡಿಗೆ ಒಳಗೋಡೆಯಾಗಿದ್ದು ಸವೆದ ಮೇಲೆ ಕಿತ್ತು ಹಾಕುವ ಇಟ್ಟಿಗೆಯೂ ಇದೆ. ಅದರ ಮಾತು ಮುಂದೆ ಬರುತ್ತದೆ.

ಇವೆಲ್ಲ ಬಿಳಿ, ಬೂದು, ತಿಳಿಹಳದಿ. ದೂರದಿಂದ ನೋಡಿದರೆ ಒಂದೇ ಥರ. ಒಂದು ಕಣ್ಣಿಗೆ ಬಿದ್ದರೆ ಮರಳಿನಂತೆ ಗೀಚುತ್ತದೆ, ತೊಳೆದರೆ ಹೋಗುತ್ತದೆ. ಇನ್ನೊಂದು ಬಿದ್ದರೆ ಕಣ್ಣಿನ ಪಾರದರ್ಶಕ ಪಟಲವೇ ಮಬ್ಬಾಗಬಹುದು. "ಕಣ್ಣಾಗ ಧೂಳ ಬಿದ್ದದ" ಎಂದು ಯಾರಾದರೂ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಧೂಳಪ್ಪಾ?" ಎಂಬುದು. ಆ ಪ್ರಶ್ನೆಗೆ ಉತ್ತರ ಕೊಡುವುದೇ ಪರೀಕ್ಷೆಯ ಕೆಲಸ.

ಆಮ್ಲಕ್ಕಿಂತ ಕ್ಷಾರಕ್ಕೆ ನಾವು ಹೆಚ್ಚು ಹೆದರಬೇಕು. ಬಹುಪಾಲು ಆಮ್ಲಗಳು ತಾಗಿದಾಗ ಚರ್ಮದ ಪ್ರೊಟೀನು ಹೆಪ್ಪುಗಟ್ಟಿ, ಆ ಹೆಪ್ಪೇ ಒಂದಿಷ್ಟು ತಡೆಯಾಗುತ್ತದೆ. ಕ್ಷಾರ ಹಾಗಲ್ಲ. ಅದು ಜೀವಕೋಶಗಳ ಕೊಬ್ಬನ್ನು ಸಾಬೂನಾಗಿ ಮಾಡುತ್ತ, ಪ್ರೊಟೀನನ್ನು ಕರಗಿಸುತ್ತ ಒಳಗೆ ಇಳಿಯುತ್ತಲೇ ಹೋಗುತ್ತದೆ. ಹಸಿ ಸಿಮೆಂಟು ಬೆರಳಿಗೆ ನುಣುಪಾಗಿ ಜಾರುವುದು ಇದೇ ಕಾರಣಕ್ಕೆ: ನಮ್ಮ ಚರ್ಮದ ಜಿಡ್ಡೇ ಅಲ್ಲಿ ಸಾಬೂನಾಗಿರುತ್ತದೆ. ಗೌಂಡಿಗಳನ್ನು ಕೇಳಿ ನೋಡಿ, "ಸಿಮೆಂಟ್ ಕೈ ತಿಂತದ್ರಿ" ಎನ್ನುತ್ತಾರೆ. ಇದರಲ್ಲಿ ಮೋಸದ ಸಂಗತಿ ಒಂದಿದೆ. ತಾಗಿದ ಕೂಡಲೇ ನೋವಾಗುವುದಿಲ್ಲ. ಹಸಿ ಕಾಂಕ್ರೀಟಿನಲ್ಲಿ ಮೊಣಕಾಲೂರಿ ಕೆಲಸ ಮಾಡಿದವರಿಗೆ ಗಂಟೆಗಳಾದ ಮೇಲೆ, ಕೆಲವೊಮ್ಮೆ ರಾತ್ರಿ ಮಲಗುವಾಗ, ಚರ್ಮ ಸುಟ್ಟಿರುವುದು ತಿಳಿಯುತ್ತದೆ. ಬೂಟಿನೊಳಗೆ, ಕೈಗವಸಿನೊಳಗೆ ಹಸಿ ಸಿಮೆಂಟು ಇಳಿದಿದ್ದರೆ ಗವಸು ಹಾಕದೇ ಇದ್ದದ್ದಕ್ಕಿಂತ ಹೆಚ್ಚು ಕೆಡುಕು.

ಕ್ಷಾರ ಎಷ್ಟೆಂದು ಅಳೆಯುವುದು ಪಿಎಚ್ ಎಂಬ ಅಳತೆಯಿಂದ. ಶುದ್ಧ ನೀರಿಗೆ 7. ಮೇಲಕ್ಕೆ ಹೋದಷ್ಟೂ ಕ್ಷಾರ. ಈ ಅಳತೆಯಲ್ಲಿ ಒಂದು ಅಂಕಿ ಏರಿದರೆ ಕ್ಷಾರ ಹತ್ತು ಪಟ್ಟು. ಹಸಿ ಕಲ್ಲಿನ ಪುಡಿ ಕಲಸಿದ ನೀರು ಎಂಟೂವರೆ, ಗೂಡಿನ ಧೂಳು ಕಲಸಿದ ನೀರು ಹನ್ನೆರಡೂವರೆ ಎಂದಿಟ್ಟುಕೊಳ್ಳಿ. ನಡುವಿನ ಅಂತರ ನಾಲ್ಕು ಅಂಕಿ ಮಾತ್ರ, ಆದರೆ ಕ್ಷಾರದ ಲೆಕ್ಕದಲ್ಲಿ ಹತ್ತು ಸಾವಿರ ಪಟ್ಟು. ಒಂದಕ್ಕೆ ಕಣ್ಣು ತೊಳೆದು ಕೆಲಸಕ್ಕೆ ಮರಳಬಹುದು. ಇನ್ನೊಂದಕ್ಕೆ ಆಸ್ಪತ್ರೆಗೆ ಓಡಬೇಕು.

ಒಂದು ಪುಡಿ ಸುಡುತ್ತದೋ ಇಲ್ಲವೋ ಎಂದು ಮೊದಲು ಹೇಗೆ ಪರೀಕ್ಷಿಸುತ್ತಿದ್ದರು? 1944ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿ ಜಾನ್ ಡ್ರೇಜ್ ಮತ್ತು ಅವರ ಜೊತೆಯವರು ಒಂದು ಕ್ರಮ ಗೊತ್ತುಮಾಡಿದರು. ಬಿಳಿ ಮೊಲದ ಒಂದು ಕಣ್ಣಿಗೆ ವಸ್ತುವನ್ನು ಹಾಕುವುದು, ಇನ್ನೊಂದನ್ನು ಹೋಲಿಕೆಗೆಂದು ಹಾಗೇ ಬಿಡುವುದು, ಗಂಟೆಗಟ್ಟಲೆ, ದಿನಗಟ್ಟಲೆ ನೋಡುತ್ತ ಮಬ್ಬಿಗೆ ಇಷ್ಟು, ಕೆಂಪಿಗೆ ಇಷ್ಟು ಎಂದು ಅಂಕ ಕೊಡುವುದು. ಒಟ್ಟು ಅಂಕ 110. ಚರ್ಮಕ್ಕಾದರೆ ಕೂದಲು ಬೋಳಿಸಿದ ಮೈಮೇಲೆ ಅರ್ಧ ಗ್ರಾಂ ವಸ್ತುವನ್ನು ತೇವ ಮಾಡಿ, ಗಂಟೆಗಟ್ಟಲೆ ಪಟ್ಟಿ ಕಟ್ಟಿ ನೋಡುವುದು. ದಶಕಗಳ ಕಾಲ ಜಗತ್ತಿನ ಸಾಬೂನು, ಕೀಟನಾಶಕ, ಕಾರ್ಖಾನೆಯ ಪುಡಿಗಳೆಲ್ಲ ಈ ದಾರಿಯಲ್ಲೇ ಹಾದುಬಂದವು.

ಆ ಮೂಕ ಪ್ರಾಣಿಯ ನೋವು ಒಂದು ಕಡೆಯಾದರೆ, ಫಲಿತಾಂಶವೂ ಭರವಸೆಯದಾಗಿರಲಿಲ್ಲ. 1971ರಲ್ಲಿ ವೀಲ್ ಮತ್ತು ಸ್ಕಾಲಾ ಎಂಬಿಬ್ಬರು ಅವೇ ವಸ್ತುಗಳನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಕೊಟ್ಟು ನೋಡಿದರು. ಒಂದು ಕಡೆ ಏನೂ ಆಗಲಿಲ್ಲ ಎನಿಸಿಕೊಂಡ ವಸ್ತು ಇನ್ನೊಂದು ಕಡೆ ತೀವ್ರ ಎನಿಸಿಕೊಂಡಿತು. ಖನಿಜದ ಪುಡಿಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಮೊಲ ಕಣ್ಣು ಮಿಟುಕಿಸುವುದು ಅಪರೂಪ, ಅದರ ಕಣ್ಣೀರು ಕಡಿಮೆ, ಮನುಷ್ಯನಿಗಿಲ್ಲದ ಮೂರನೇ ರೆಪ್ಪೆ ಅದಕ್ಕಿದೆ. ಪುಡಿ ಅಲ್ಲೇ ಸಿಕ್ಕಿಕೊಂಡು ಗೀಚಿದ ಗಾಯ ಎಷ್ಟು, ರಾಸಾಯನಿಕ ಸುಟ್ಟ ಗಾಯ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ನಮಗೆ ಬೇಕಾಗಿರುವುದೋ ಆ ಬೇರ್ಪಡಿಕೆಯೇ.

ಈಗಿನ ಕ್ರಮ ತಲೆಕೆಳಗಾಗಿದೆ, ಅದು ಒಳ್ಳೆಯದೇ ಆಯಿತು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಒಇಸಿಡಿ, ಹೊರಡಿಸುವ ಪರೀಕ್ಷಾ ಮಾರ್ಗಸೂಚಿಗಳನ್ನು ಬಹಳ ದೇಶಗಳು ಒಪ್ಪುತ್ತವೆ. ಆ ಪದ್ಧತಿಯ ಉತ್ತಮ ಪ್ರಯೋಗಾಲಯ ವ್ಯವಸ್ಥೆಯಲ್ಲಿ ಭಾರತ 2011ರಿಂದ ಪೂರ್ಣ ಪಾಲುದಾರ. ಆ ಮಾರ್ಗಸೂಚಿ ಹೇಳುವುದು ಹೀಗೆ: ಮನುಷ್ಯರಿಗೆ ಈಗಾಗಲೇ ಆದ ಗಾಯಗಳ ದಾಖಲೆ ಇದೆಯೇ ನೋಡಿ. ಆಮೇಲೆ ಪಿಎಚ್ ನೋಡಿ. ಅದು 2 ಅಥವಾ ಅದಕ್ಕಿಂತ ಕೆಳಗೆ, ಇಲ್ಲವೇ 11.5 ಅಥವಾ ಅದಕ್ಕಿಂತ ಮೇಲೆ ಇದ್ದರೆ ಸುಡುವ ವಸ್ತುವೆಂದೇ ಎಣಿಸಿ, ಪ್ರಾಣಿಯ ತಂಟೆಗೆ ಹೋಗಬೇಡಿ. ಅದರ ನಡುವೆ ಇದ್ದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಪರೀಕ್ಷಿಸಿ.

ಮೊದಲ ಹೆಜ್ಜೆಯ ಬಗ್ಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಲ್ಲಿ ನನ್ನದೊಂದು ಬಿನ್ನಹ ಇದೆ. ಕಣ್ಣು ಕೆಂಪಾಗಿ ಬಂದವರ ಚೀಟಿಯಲ್ಲಿ ರೋಗದ ಹೆಸರಿನ ಜೊತೆಗೆ ಬಿದ್ದ ವಸ್ತು ಯಾವುದು, ಯಾವ ಕೆಲಸದಲ್ಲಿದ್ದಾಗ ಬಿತ್ತು ಎಂದು ಎರಡು ಪದ ಬರೆಯಿರಿ. ಫರಸಿ ಕೆಸರು, ಹಾರುಬೂದಿ, ಸಿಮೆಂಟು, ಗೂಡಿನ ಧೂಳು, ಯಾವುದೋ ಅದು. ಒಂದು ವರ್ಷದ ಅಂಥ ಚೀಟಿಗಳು ಒಟ್ಟಾದರೆ ಅದೇ ಒಂದು ಪರೀಕ್ಷಾ ವರದಿ. ಆದ ನೋವನ್ನು ಬರೆದಿಟ್ಟರೆ ಆಗಲಿರುವ ನೋವು ತಪ್ಪುತ್ತದೆ, ಬರೆಯದಿದ್ದರೆ ಮತ್ತೊಬ್ಬರ ಕಣ್ಣಲ್ಲಿ ಅದೇ ಪ್ರಯೋಗ ಮತ್ತೆ ಆಗುತ್ತದೆ.

ಜೀವಕೋಶಗಳ ಪರೀಕ್ಷೆಗಳಲ್ಲಿ ಎರಡನ್ನು ಹೇಳುತ್ತೇನೆ. ಮನುಷ್ಯನ ಚರ್ಮದ ಕೋಶಗಳನ್ನು ಪದರಾಗಿ ಬೆಳೆಸಿ, ಅದರ ಮೇಲೆ ಪುಡಿ ಹಾಕಿ, ತೊಳೆದು, ಕೆಲ ಹೊತ್ತು ಬಿಟ್ಟು, ಒಂದು ಹಳದಿ ಬಣ್ಣದ ದ್ರಾವಣ ಕೊಡುತ್ತಾರೆ. ಬದುಕಿರುವ ಕೋಶಗಳು ಅದನ್ನು ನೇರಳೆಯಾಗಿ ಮಾಡುತ್ತವೆ. ಅರ್ಧ ಅಥವಾ ಅದಕ್ಕಿಂತ ಕಡಿಮೆ ಕೋಶ ಬದುಕಿದ್ದರೆ ಆ ವಸ್ತು ಚರ್ಮವನ್ನು ಕೆರಳಿಸುವಂಥದ್ದು. ಈ ಕ್ರಮಕ್ಕೆ 2010ರಲ್ಲಿ ಮಾರ್ಗಸೂಚಿಯ ಮನ್ನಣೆ ಸಿಕ್ಕಿತು. ಕಣ್ಣಿಗಾದರೆ ಕಸಾಯಿಖಾನೆಯಲ್ಲಿ ಮಾಂಸಕ್ಕೆಂದು ಕೊಂದ ದನದ ಕಣ್ಣಿನ ಪಟಲವನ್ನು ತಾಜಾ ಇರುವಾಗಲೇ ತಂದು, ನೂರಕ್ಕೆ 20ರಂತೆ ಪುಡಿ ಕಲಸಿದ ನೀರನ್ನು ನಾಲ್ಕು ಗಂಟೆ ಅದರ ಮೇಲೆ ನಿಲ್ಲಿಸಿ, ಬೆಳಕು ಎಷ್ಟು ಹಾಯುತ್ತದೆ, ಬಣ್ಣದ ದ್ರಾವಣ ಎಷ್ಟು ಸೋರುತ್ತದೆ ಎಂದು ಅಳೆಯುತ್ತಾರೆ. ಇದಕ್ಕೆ 2009ರಲ್ಲಿ ಮನ್ನಣೆ ಬಂತು. ಈ ಪರೀಕ್ಷೆಗಳು ತಿಳಿಸುವುದು ರಾಸಾಯನಿಕ ಗಾಯವನ್ನು. ಫರಸಿ ಕೆಸರಿನ ಗಟ್ಟಿ ಕಣ ರೆಪ್ಪೆಯಡಿ ಸಿಕ್ಕು ಉಜ್ಜಿದಾಗ ಆಗುವ ಗೀರನ್ನು ಇವು ತೋರಿಸಲಾರವು. ಅದಕ್ಕೆ ಬೇಕಾದದ್ದು ಪರೀಕ್ಷೆಯಲ್ಲ, ಕಣ್ಣು ಮುಚ್ಚುವ ಕನ್ನಡಕ.

ನಮ್ಮ ಕಾನೂನಿನಲ್ಲಿ ನನಗೆ ತೃಪ್ತಿಯಿಲ್ಲದ ಒಂದು ಅಂಕಿ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ತ್ಯಾಜ್ಯವನ್ನು ಅಷ್ಟೇ ತೂಕದ ನೀರಿಗೆ ಕಲಸಿದಾಗ ಪಿಎಚ್ 12.5 ಅಥವಾ ಅದಕ್ಕೂ ಮೇಲಿದ್ದರೆ ಅದು ಕೊರೆಯುವ ತ್ಯಾಜ್ಯ. ಆದರೆ 11.5ಕ್ಕೇ ಸುಡುವ ವಸ್ತುವೆಂದು ಎಣಿಸಿ ಎನ್ನುತ್ತದೆ ಪರೀಕ್ಷೆಯ ಮಾರ್ಗಸೂಚಿ. ನಡುವಿನ ಆ ಒಂದು ಅಂಕಿಯಲ್ಲಿ ಹತ್ತು ಪಟ್ಟು ಕ್ಷಾರ ಅಡಗಿದೆ. ಇನ್ನೂ ಒಂದು ಸೂಕ್ಷ್ಮ: ಸುಣ್ಣ ತುಂಬ ಕರಗಿದ ನೀರಿನ ಪಿಎಚ್ 25 ಡಿಗ್ರಿ ಶಾಖದಲ್ಲಿ 12.4ರ ಆಸುಪಾಸು. ನೀರು ಬಿಸಿಯಾದಂತೆ ಅದು ಇಳಿಯುತ್ತದೆ, 40 ಡಿಗ್ರಿಯಲ್ಲಿ 12ರ ಹತ್ತಿರಕ್ಕೆ ಬರುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಬಯಲಲ್ಲೇ ನಿಂತು ಅಳೆದರೆ ಅಪ್ಪಟ ಸುಣ್ಣದ ನೀರೂ ಕಾನೂನಿನ ಗೆರೆಗಿಂತ ಸಾಕಷ್ಟು ಕೆಳಗೇ ಉಳಿದುಬಿಡುತ್ತದೆ! ಕಣ್ಣಿಗೆ ಅದರ ಉರಿ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ.

ಈ ಗೆರೆಯ ಜಗಳ ಬೇರೆ ಕಡೆಯೂ ನಡೆದಿದೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ ಎದ್ದ ಧೂಳಿನಲ್ಲಿ ಕಾಂಕ್ರೀಟಿನ ಪುಡಿ ತುಂಬಿತ್ತು, ಅದು ಕ್ಷಾರವಾಗಿತ್ತು. ಅದನ್ನೇ ಮುಂದಿಟ್ಟುಕೊಂಡು, ಅಲ್ಲಿನ 12.5ರ ಗೆರೆಯನ್ನು 11.5ಕ್ಕೆ ಇಳಿಸಿ ಎಂದು 2011ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಅರ್ಜಿ ಹೋಯಿತು. ಹತ್ತು ವರ್ಷದ ಮೇಲೆ, 2021ರಲ್ಲಿ, ಸಂಸ್ಥೆ ಅದನ್ನು ತಳ್ಳಿಹಾಕಿತು. ಅಲ್ಲಿ ಹೇಗೇ ಇರಲಿ, ಸಿಮೆಂಟು ಮತ್ತು ಸುಣ್ಣದ ನಡುವೆಯೇ ಬದುಕುವ ನಮ್ಮ ತಾಲೂಕುಗಳಿಗೆ 11.5ರ ಗೆರೆಯೇ ಸರಿಯಾದದ್ದು ಎಂದು ನಾನು ದೃಢವಾಗಿ ನಂಬಿದ್ದೇನೆ. ಕಾನೂನು ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಒಂದು ಗ್ರಾಮ ಪಂಚಾಯಿತಿ, ಒಬ್ಬ ಗುತ್ತಿಗೆದಾರ, ಒಂದು ಪಾಲಿಶ್ ಘಟಕ ಇವತ್ತಿನಿಂದಲೇ ಅದನ್ನು ತಮ್ಮ ಗೆರೆ ಮಾಡಿಕೊಳ್ಳಬಹುದು.

ಪಿಎಚ್ ತಿಳಿಸದ ಒಂದು ಕೇಡೂ ಇದೆ. ಕಚ್ಚಾ ವಸ್ತುವಿನಲ್ಲಿ, ಗೂಡಿನ ಕೆಲವು ಬಗೆಯ ಇಟ್ಟಿಗೆಗಳಲ್ಲಿ ಇರುವ ಕ್ರೋಮಿಯಂ ಉರಿಯ ಶಾಖದಲ್ಲಿ ಹೆಕ್ಸಾವೇಲೆಂಟ್ ಎಂಬ ರೂಪ ತಾಳುತ್ತದೆ. ನೀರಲ್ಲಿ ಕರಗುವ ಈ ರೂಪ ಚರ್ಮಕ್ಕೆ ಅಲರ್ಜಿ ತರುತ್ತದೆ. ಒಮ್ಮೆ ಹತ್ತಿತೆಂದರೆ ಆಮೇಲೆ ಚೂರು ಸಿಮೆಂಟು ತಾಗಿದರೂ ತುರಿಕೆ, ಬಿರುಕು, ನೀರು ಸೋರುವ ಗಾಯ. ಎಷ್ಟೋ ಗೌಂಡಿಗಳು ಇದರಿಂದಲೇ ಕಸಬು ಬಿಡಬೇಕಾಗುತ್ತದೆ. ಡೆನ್ಮಾರ್ಕ್ 1980ರ ದಶಕದ ಆರಂಭದಲ್ಲೇ ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿ ಇದನ್ನು ತಗ್ಗಿಸಿತು. ಯುರೋಪಿನ ಒಕ್ಕೂಟ 2005ರಿಂದ ಹತ್ತು ಲಕ್ಷಕ್ಕೆ ಎರಡು ಭಾಗದ ಮಿತಿ ಹಾಕಿತು. ಇದನ್ನು ಪತ್ತೆ ಮಾಡಲು ಪುಡಿಯ ರಾಸಾಯನಿಕ ವಿಶ್ಲೇಷಣೆ ಬೇಕು, ತುರಿಕೆ ಹತ್ತಿದವರಿಗೆ ಚರ್ಮವೈದ್ಯರು ಬೆನ್ನಿಗೆ ಅಂಟಿಸಿ ನೋಡುವ ಪಟ್ಟಿ ಪರೀಕ್ಷೆ ಬೇಕು.

ಮತ್ತೆ ಪಿಎಚ್ ಮಾತಿಗೆ ಬಂದರೆ, ಅದನ್ನು ಅರಿಸಿನದಲ್ಲೇ ನೋಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಅರಿಸಿನ ಕ್ಷಾರಕ್ಕೆ ಕೆಂಪಾಗುತ್ತದೆ, ನಿಜ. ಆದರೆ ಅಲ್ಪ ಕ್ಷಾರಕ್ಕೇ ಕೆಂಪಾಗಿಬಿಡುವುದರಿಂದ ಎಷ್ಟು ಎಂದು ಅದು ಹೇಳಲಾರದು. 0ಯಿಂದ 14ರವರೆಗಿನ ಪಿಎಚ್ ಪಟ್ಟಿಗಳು ಬೇಕು. ಹೈಸ್ಕೂಲಿನ ವಿಜ್ಞಾನ ಶಿಕ್ಷಕರು ಕನ್ನಡಕ, ಕೈಗವಸು ಹಾಕಿಕೊಂಡು, ಪುಡಿ ಕಲಸಿದ ನೀರಿಗೆ ಪಟ್ಟಿ ಅದ್ದುವ ಈ ಪರೀಕ್ಷೆಯನ್ನು ಮಾಡಿ ತೋರಿಸಬಹುದು.

ಮಾದರಿ ತೆಗೆಯುವಾಗ ಎಚ್ಚರ ಬೇಕು. ಸುಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಾರ್ಬೊನೇಟ್ ಆಗುತ್ತದೆ. ಹಾಗಾಗಿ ಹಳೆಯ ಗುಡ್ಡೆಯ ಮೇಲ್ಪದರ ಸೌಮ್ಯವಾಗಿ ಕಂಡರೂ ಒಂದು ಮೊಳ ಅಗೆದರೆ ಒಳಗೆ ಹಾಗೇ ಕ್ಷಾರವಾಗಿರಬಹುದು. ಮೇಲಿನಿಂದ ಒಂದು ಹಿಡಿ ತೆಗೆದು ಏನೂ ತೊಂದರೆಯಿಲ್ಲ ಎಂದು ಬರೆದುಕೊಟ್ಟ ವರದಿಯನ್ನು ನಾನಂತೂ ನಂಬುವುದಿಲ್ಲ. ಹಲವು ಕಡೆ ಅಗೆದು, ಮೇಲಿನದನ್ನೂ ಒಳಗಿನದನ್ನೂ ಬೇರೆ ಬೇರೆ ಬಿಗಿ ಡಬ್ಬಿಗಳಲ್ಲಿ ತುಂಬಿ, ಗಾಳಿಯಾಡದಂತೆ ಮುಚ್ಚಬೇಕು.

ಪರೀಕ್ಷೆಯೆಲ್ಲ ಆಗುವ ಮೊದಲೇ ಕಣ್ಣಿಗೆ ಬಿದ್ದರೆ? ಉಜ್ಜಬೇಡಿ. ಕೂಡಲೇ, ಇರುವ ಶುದ್ಧ ನೀರಿನಲ್ಲೇ, ರೆಪ್ಪೆ ಬಿಡಿಸಿ ಹಿಡಿದು ತೊಳೆಯಲು ಶುರುಮಾಡಿ, ಅರ್ಧ ತಾಸು ಬಿಡದೆ ತೊಳೆಯಿರಿ. ಹರಳೆಣ್ಣೆ, ತುಪ್ಪ, ಎದೆಹಾಲು ಹಾಕಬೇಡಿ. ಕ್ಷಾರಕ್ಕೆ ಆಮ್ಲ ಮದ್ದೆಂದು ನಿಂಬೆರಸ ಹಿಂಡುವುದಂತೂ ಬೇಡವೇ ಬೇಡ. ತೊಳೆದ ಮೇಲೂ ರೆಪ್ಪೆಯೊಳಗೆ ಸುಣ್ಣದ ಕಣ ಅಂಟಿಕೊಂಡಿದ್ದರೆ ಅದು ಕ್ಷಾರ ಬಿಡುತ್ತಲೇ ಇರುತ್ತದೆ. ರೆಪ್ಪೆ ಮಗುಚಿ ಅದನ್ನು ತೆಗೆಯುವುದು ವೈದ್ಯರ ಕೆಲಸ, ತಡಮಾಡದೆ ಹೋಗಿ. ಎಲೆಯಡಿಕೆಯ ಸುಣ್ಣದ ಪೊಟ್ಟಣ ಮಕ್ಕಳ ಕೈಯಲ್ಲಿ ಒಡೆದು ಕಣ್ಣಿಗೆ ಸಿಡಿದರೂ ಇದೇ ಕ್ರಮ. ಮೈಮೇಲೆ ಒಣ ಪುಡಿ ಬಿದ್ದರೆ ಮೊದಲು ಕೊಡವಿ, ಬಟ್ಟೆ ಬೂಟು ಕಳಚಿ, ಆಮೇಲೆ ಧಾರಾಳ ನೀರು.

ಕೇಳುವ ಹಕ್ಕು ನಮಗಿದೆ. ಭೋಪಾಲದ ದುರಂತದ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯಿದೆಗೆ ಸೇರಿಸಿದ ಭಾಗದಲ್ಲಿ ಅಪಾಯಕಾರಿ ಪ್ರಕ್ರಿಯೆಯ ಉದ್ಯಮಗಳು ತಮ್ಮ ವಸ್ತುಗಳಿಂದಾಗುವ ಅಪಾಯವನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ತಿಳಿಸಬೇಕೆಂದಿತ್ತು. ಆ ಉದ್ಯಮಗಳ ಪಟ್ಟಿಯಲ್ಲಿ ಸಿಮೆಂಟೂ ಇತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಆ ಹೊಣೆ ಮುಂದುವರಿದಿದೆ. ಊರ ಪಕ್ಕ ಹೊಸ ಗುಡ್ಡೆ ಬಿದ್ದರೆ, ರಸ್ತೆಗೆ ತುಂಬಲು, ಹೊಲದ ಬದುವಿಗೆ ಹಾಕಲು ಯಾರಾದರೂ ಬೂದು ಪುಡಿ ತಂದರೆ, ಪಂಚಾಯಿತಿ ಅಧ್ಯಕ್ಷರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲಬುರಗಿ ಕಚೇರಿಗೆ ಒಂದು ಕಾಗದ ಬರೆಯಲಿ. ಅದರಲ್ಲಿ ಇಷ್ಟು ಕೇಳಿದರೆ ಸಾಕು: ಈ ಪುಡಿ ಸುಟ್ಟ ಕಲ್ಲಿನದೋ ಹಸಿ ಕಲ್ಲಿನದೋ, 25 ಡಿಗ್ರಿಯಲ್ಲಿ ಅಳೆದ ಪಿಎಚ್ ಎಷ್ಟು, ಮಾದರಿಯನ್ನು ಗುಡ್ಡೆಯ ಯಾವ ಆಳದಿಂದ ತೆಗೆದದ್ದು, ಕರಗುವ ಕ್ರೋಮಿಯಂ ಎಷ್ಟು. ಪಿಎಚ್ 11.5ರ ಒಳಗಿದ್ದೂ ಸಂಶಯ ಉಳಿದರೆ ಜೀವಕೋಶಗಳ ಮೇಲಿನ ಚರ್ಮ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿಕೊಡಿ, ಮೊಲದ ಮೇಲೆ ಬೇಡ ಎಂದು ಕೊನೆಗೊಂದು ಸಾಲು ಸೇರಿಸಲಿ.